ಹಳೆಯ ನಾಣ್ಯ: ಉಜ್ಜಿದರೆ ಹೊಳಪು, ಉಳಿಸಿದರೆ ಚರಿತ್ರೆ



ಭಾನುವಾರ ಬೆಳಿಗ್ಗೆ ಮಧ್ಯಮ ವರ್ಗದ ಮನೆಯೊಂದರಲ್ಲಿ ನಡೆಯುವ ಸಣ್ಣಪುಟ್ಟ ರಿಪೇರಿಗಳನ್ನು ನೆನಪಿಸಿಕೊಳ್ಳಿ. ಬಚ್ಚಲುಮನೆಯ ನಲ್ಲಿ ಒಂದು ವಾರದಿಂದ ತೊಟ್ಟಿಕ್ಕುತ್ತಿದೆ. ಮನೆಯ ಯಜಮಾನರು ಮೇಲಿನ ತೊಟ್ಟಿಯಿಂದ ಬರುವ ವಾಲ್ವ್ ಮುಚ್ಚಿ, ಸ್ಪ್ಯಾನರ್‌ನಿಂದ ನಲ್ಲಿಯ ತಲೆ ಬಿಚ್ಚಿ, ಸವೆದ ವಾಷರ್ ತೆಗೆದು ಹೊಸದನ್ನು ಕೂರಿಸುತ್ತಾರೆ. ಹತ್ತು ನಿಮಿಷದ ಕೆಲಸ, ಕೆಲವೇ ರೂಪಾಯಿಯ ಖರ್ಚು.

ಅಂಗಳದಲ್ಲಿ ನಿಂತ ಹಳೆಯ ಕಾರು ಸ್ಟಾರ್ಟ್ ಆಗಲು ತಿಣುಕುತ್ತಿದೆ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಬಣ್ಣದ ಪುಡಿ ಕಟ್ಟಿಕೊಂಡಿದೆ. ಮೊದಲು ನೆಗೆಟಿವ್ ವೈರು, ಆಮೇಲೆ ಪಾಸಿಟಿವ್ ವೈರು ಬಿಚ್ಚಬೇಕು. ಅಡುಗೆ ಸೋಡ ಕದಡಿದ ಬೆಚ್ಚಗಿನ ನೀರನ್ನು ಬ್ಯಾಟರಿಯ ಒಳಗೆ ಇಳಿಯದಂತೆ ತುದಿಗಳಿಗೆ ಮಾತ್ರ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಬೇಕು. ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದರೆ ಕಾರು ಮತ್ತೆ ಲವಲವಿಕೆಯಿಂದ ಏಳುತ್ತದೆ.

ಒಳಗೆ ಅಡುಗೆಮನೆಯಲ್ಲಿ ಹಿತ್ತಾಳೆಯ ದೀಪಗಳು ಹುಣಸೆಹಣ್ಣಿನ ಸ್ನಾನಕ್ಕೆ ಕಾದಿವೆ. ಕಪ್ಪಾದ ದೀಪ ಹುಳಿ ಹಾಕಿ ತಿಕ್ಕಿದ ಮೇಲೆ ಬಂಗಾರದಂತೆ ಹೊಳೆಯುತ್ತದೆ. ಅಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕಿನಿಂದ ಅಜ್ಜಿಯ ಕಾಲದ ತಗಡಿನ ಡಬ್ಬಿಯೊಂದು ಕೆಳಗಿಳಿಯುತ್ತದೆ. ಅದರೊಳಗೆ ಕಪ್ಪು ಹಿಡಿದ ಒಂದಷ್ಟು ಹಳೆಯ ನಾಣ್ಯಗಳು. ದೀಪ ತೊಳೆಯುತ್ತಿರುವ ಕೈ ಸಹಜವಾಗಿಯೇ ಆ ನಾಣ್ಯಗಳನ್ನೂ ಹುಣಸೆನೀರಿಗೆ ಹಾಕುತ್ತದೆ.

ಆ ಕೈಯನ್ನು ತಡೆಯುವುದೇ ಇಂದಿನ ಮಾತಿನ ಉದ್ದೇಶ. ಮನೆಯ ಬಹುಪಾಲು ವಸ್ತುಗಳಿಗೆ ರಿಪೇರಿ ಬೇಕು, ಶುದ್ಧಿ ಬೇಕು. ಹಳೆಯ ನಾಣ್ಯಕ್ಕೆ ಎರಡೂ ಬೇಡ. ಅದನ್ನು ಇದ್ದ ಹಾಗೆಯೇ ಬಿಡುವುದು ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ.

ಹುಣಸೆಹಣ್ಣು ಮಾಡುವ ಕೆಲಸ

ತಾಮ್ರದ ನಾಣ್ಯದ ಮೇಲಿನ ಕಂದು ಅಥವಾ ಹಸಿರು ಛಾಯೆ ಕೊಳೆಯಲ್ಲ. ತಾಮ್ರ ಗಾಳಿಯೊಡನೆ, ತೇವದೊಡನೆ ನೂರಾರು ವರ್ಷ ಬೆರೆತು ಕಟ್ಟಿಕೊಂಡ ತೆಳುವಾದ ಪದರ ಅದು. ಬೆಳ್ಳಿಯ ಮೇಲಿನ ಕಪ್ಪು ಕೂಡ ಹಾಗೆಯೇ; ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಡನೆ ಕೂಡಿ ಆದದ್ದು. ಒಮ್ಮೆ ಗಟ್ಟಿಯಾಗಿ ಕೂತ ಮೇಲೆ ಈ ಪದರ ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ.

ಹುಣಸೆಯ ಹುಳಿ ಈ ಪದರವನ್ನು ಕರಗಿಸುತ್ತದೆ. ನಿಂಬೆಹಣ್ಣು ಮಾಡುವುದೂ ಅದನ್ನೇ. ಬೂದಿ, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟ್ ಇವುಗಳದು ಇನ್ನೊಂದು ಬಗೆಯ ಹಾನಿ. ಅವುಗಳಲ್ಲಿನ ಸಣ್ಣ ಕಣಗಳು ಲೋಹವನ್ನೇ ಗೀರುತ್ತವೆ. ದೀಪದ ಕಂಬದಿಂದ ಒಂದು ಕೂದಲಿನಷ್ಟು ಹಿತ್ತಾಳೆ ಹೋದರೆ ಯಾರಿಗೂ ನಷ್ಟವಿಲ್ಲ. ನಾಣ್ಯದ ಮೇಲಿನ ಅಕ್ಷರಗಳ ಎತ್ತರವೇ ಕೂದಲಿನಷ್ಟು. ಇಸವಿಯ ಒಂದು ಅಂಕಿ, ಟಂಕಸಾಲೆಯ ಒಂದು ಚುಕ್ಕೆ ಅಳಿಸಿಹೋದರೆ ಆ ನಾಣ್ಯ ಮೂಕವಾಗುತ್ತದೆ.

ಸಂಗ್ರಾಹಕರು ಉಜ್ಜಿದ ನಾಣ್ಯವನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಅಸಹಜವಾದ ಹೊಳಪು, ಓರೆಯಾಗಿ ಹಿಡಿದರೆ ಕಾಣುವ ಗೀರುಗಳು ಅದನ್ನು ಬಿಟ್ಟುಕೊಡುತ್ತವೆ. ಅಂಥ ನಾಣ್ಯಕ್ಕೆ ಸಿಗುವ ಬೆಲೆ ಗಣನೀಯವಾಗಿ ಇಳಿಯುತ್ತದೆ. ಬೆಲೆಯ ಮಾತು ಹಾಗಿರಲಿ, ಹೋದ ಅಕ್ಷರವನ್ನು ಮರಳಿ ತರುವ ರಿಪೇರಿ ಯಾವ ಅಂಗಡಿಯಲ್ಲೂ ಇಲ್ಲ.

ಡಬ್ಬಿಯಲ್ಲಿ ಏನಿರಬಹುದು?

ಕನ್ನಡದಲ್ಲಿ ಸಂಪತ್ತಿಗೆ ಇರುವ ಮಾತುಗಳನ್ನೇ ನೋಡಿ. ಹಣ, ದುಡ್ಡು, ಕಾಸು ಎಲ್ಲವೂ ಒಂದು ಕಾಲದಲ್ಲಿ ಕೈಗೆ ಸಿಗುತ್ತಿದ್ದ ನಾಣ್ಯಗಳ ಹೆಸರುಗಳು. ಹಣ ಎಂದರೆ ಪುಟ್ಟ ಚಿನ್ನದ ನಾಣ್ಯ. ದುಡ್ಡು ಮತ್ತು ಕಾಸು ತಾಮ್ರದವು. ‘ಹದಿನಾರಾಣೆ ಸತ್ಯ’ ಎಂದು ಇಂದಿಗೂ ಹೇಳುವವರ ಬಾಯಲ್ಲಿ ಹಳೆಯ ರೂಪಾಯಿಯ ಲೆಕ್ಕ ಉಳಿದುಕೊಂಡಿದೆ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ ನಾಲ್ಕು ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ಹಳೆಯ ಪೈಸೆಯಿಂದ ಬೇರ್ಪಡಿಸಲು 1964ರವರೆಗೆ ಅದನ್ನು ‘ನಯಾ ಪೈಸೆ’ ಎಂದೇ ಕರೆಯಲಾಯಿತು.

ಹೀಗಾಗಿ ಹೆಚ್ಚಿನ ಮನೆಗಳ ಡಬ್ಬಿಯಲ್ಲಿ ಸಿಗುವುದು ಬ್ರಿಟಿಷರ ಕಾಲದ ರೂಪಾಯಿ, ಆಣೆಗಳು ಮತ್ತು ಸ್ವಾತಂತ್ರ್ಯಾನಂತರದ ಪೈಸೆಗಳು. ರಾಣಿ ವಿಕ್ಟೋರಿಯಾಳ ರೂಪಾಯಿಯಲ್ಲಿ ‘ಕ್ವೀನ್’ ಎಂದಿದ್ದರೆ ಅದು 1877ಕ್ಕಿಂತ ಹಿಂದಿನದು, ‘ಎಂಪ್ರೆಸ್’ ಎಂದಿದ್ದರೆ ನಂತರದ್ದು. ಏಳನೆಯ ಎಡ್ವರ್ಡನ ರೂಪಾಯಿಯಲ್ಲಿ ದೊರೆಯ ತಲೆಯ ಮೇಲೆ ಕಿರೀಟವಿಲ್ಲ. ಐದನೆಯ ಜಾರ್ಜನ 1911ರ ರೂಪಾಯಿಗೆ ಒಂದು ಕಥೆಯಿದೆ. ದೊರೆಯ ನಿಲುವಂಗಿಯ ಮೇಲೆ ಕೆತ್ತಿದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗದ್ದಲವಾಯಿತು. 1912ರ ನಾಣ್ಯದಲ್ಲಿ ಆನೆಯ ಸೊಂಡಿಲನ್ನು ಸ್ಪಷ್ಟವಾಗಿ ತಿದ್ದಲಾಯಿತು. ಉಜ್ಜಿ ಸವೆಸಿದ ನಾಣ್ಯದಲ್ಲಿ ಆನೆಯೂ ಕಾಣುವುದಿಲ್ಲ, ಹಂದಿಯೂ ಕಾಣುವುದಿಲ್ಲ.

ನಡುವೆ ತೂತಿರುವ ಕಂಚಿನ ಪೈಸೆ 1943ರಿಂದ 1947ರ ನಡುವಿನದು. ಯುದ್ಧಕಾಲದ ಲೋಹದ ಅಭಾವ ಆ ತೂತಿಗೆ ಕಾರಣ. ಕಮಲದ ಚಿತ್ರವಿರುವ ಹಳದಿ ಬಣ್ಣದ 20 ಪೈಸೆ 1968ರಿಂದ 1971ರವರೆಗಿನದು. ಅದು ಅನೇಕರ ಪೂಜೆಯ ತಟ್ಟೆಯಲ್ಲಿ ಇಂದಿಗೂ ಕೂತಿದೆ.

ಇದಕ್ಕೂ ಹಿಂದಿನ ನಾಣ್ಯಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಚಾರ್‌ಮಿನಾರ್ ಚಿತ್ರವಿರುವ ನಿಜಾಮರ ನಾಣ್ಯ ಸಿಗಬಹುದು. ಬೆಳಗಾವಿ, ಧಾರವಾಡದ ಕಡೆ ನಾಗರಿ ಲಿಪಿಯ ಶಿವರಾಯಿ ಎಂಬ ಮರಾಠರ ತಾಮ್ರದ ನಾಣ್ಯ. ವಿಜಯಪುರದ ಆದಿಲ್‌ಶಾಹಿಗಳು 17ನೆಯ ಶತಮಾನದಲ್ಲಿ ‘ಲಾರಿ’ ಎಂಬ ವಿಚಿತ್ರ ನಾಣ್ಯ ಹೊರಡಿಸಿದ್ದರು. ಬೆಳ್ಳಿಯ ತಂತಿಯನ್ನು ಕೂದಲಿನ ಪಿನ್ನಿನಂತೆ ಮಡಿಸಿ, ಅದರ ಮೇಲೆ ಅಕ್ಷರಗಳನ್ನು ಒತ್ತಿದ ನಾಣ್ಯ ಅದು. ಗೊತ್ತಿಲ್ಲದವರು ಮುರಿದ ತಂತಿಯೆಂದು ಕಸಕ್ಕೆ ಎಸೆದಾರು.

ಹಳೆಯ ಮೈಸೂರಿನ ಮನೆಗಳಲ್ಲಿ ಆನೆಯ ಚಿತ್ರವಿರುವ ತಾಮ್ರದ ನಾಣ್ಯ ಸಿಕ್ಕರೆ ಅವಸರ ಬೇಡ. ಅದು ಟಿಪ್ಪು ಸುಲ್ತಾನನದಾಗಿರಬಹುದು, ಮುಮ್ಮಡಿ ಕೃಷ್ಣರಾಜ ಒಡೆಯರದೂ ಆಗಿರಬಹುದು. ಹಿಂಬದಿಯಲ್ಲಿ ಪರ್ಷಿಯನ್ ಲಿಪಿಯಿದ್ದರೆ ಟಿಪ್ಪುವಿನದು. ಆನೆಯ ಮೇಲ್ಗಡೆ ಕನ್ನಡದಲ್ಲಿ ‘ಶ್ರೀ’ ಎಂದಿದ್ದರೆ ಒಡೆಯರದು. ಒಡೆಯರ ಕೆಲವು ನಾಣ್ಯಗಳಲ್ಲಿ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಲಿಪಿಗಳಿವೆ. ಒಂದು ಬೆರಳಗಲದ ತಾಮ್ರದಲ್ಲಿ ಮೂರು ಆಡಳಿತ ಭಾಷೆಗಳು. 1799ರ ನಂತರದ ಮೈಸೂರು ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪಾಠಪುಸ್ತಕ ಇಲ್ಲ.

ಟಿಪ್ಪುವಿನ ನಾಣ್ಯ ಓದುವುದು ಇನ್ನೂ ಸ್ವಾರಸ್ಯಕರ. 1787ರಿಂದ ಆತ ಪ್ರವಾದಿ ಮಹಮ್ಮದರ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಕೆಗೆ ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಾಣ್ಯದ ಮೇಲೆ 8121 ಎಂದು ಕಂಡರೆ ಅದನ್ನು 1218 ಎಂದು ಓದಬೇಕು. ಅದಕ್ಕೆ 572 ಸೇರಿಸಿದರೆ ಸುಮಾರು 1790 ಬರುತ್ತದೆ. ನಾಣ್ಯಗಳಿಗೆ ಆತ ಕೊಟ್ಟ ಹೆಸರುಗಳೂ ಹೊಸವು. ಜೋಡಿ ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಪೈಸೆಗೆ ಶುಕ್ರಗ್ರಹದ ಹೆಸರಾದ ಜೊಹ್ರಾ.

ತಂದೆ ಹೈದರಲಿಯ ನಾಣ್ಯ ಬೇರೆಯೇ ಮಾತು ಹೇಳುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಲಿ ಅಲ್ಲಿನ ಚಿನ್ನದ ವರಹದ ಮೇಲಿದ್ದ ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹಾಕಿಸಿದ. ಜನ ನಂಬಿದ ನಾಣ್ಯದ ಚಹರೆಯನ್ನು ಬದಲಿಸಿದರೆ ವ್ಯಾಪಾರ ಕೆಡುತ್ತದೆ ಎಂಬ ಲೆಕ್ಕ ಅದರಲ್ಲಿದ್ದಿರಬೇಕು. ಆ ಒಂದು ಅಕ್ಷರ ಉಜ್ಜಿ ಹೋದರೆ ಹೈದರಲಿಯ ವರಹ ಕೆಳದಿ ಅರಸರ ವರಹವಾಗಿಬಿಡುತ್ತದೆ!

ಇನ್ನೂ ಹಿಂದಕ್ಕೆ ಹೋದರೆ ಕಂಠೀರವ ನರಸರಾಜ ಒಡೆಯರ ನರಸಿಂಹನ ಚಿತ್ರದ ಪುಟ್ಟ ಹಣ, ವಿಜಯನಗರದ ಬಾಲಕೃಷ್ಣ ಮತ್ತು ಗಂಡಭೇರುಂಡದ ಚಿನ್ನದ ನಾಣ್ಯಗಳು, ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಬರೆಸಿದ ಹೊಯ್ಸಳ ವಿಷ್ಣುವರ್ಧನನ ನಾಣ್ಯ. ಇವು ಮನೆಯ ಡಬ್ಬಿಯಲ್ಲಿ ಸಿಗುವುದು ಅಪರೂಪ. ಸಿಕ್ಕರೆ ಅವುಗಳನ್ನು ಅಕ್ಕಸಾಲಿಯ ಕುಲುಮೆಗೆ ಒಯ್ಯುವ ಮುನ್ನ ಬಲ್ಲವರಿಗೆ ತೋರಿಸಿ.

ತೂಕ ಮತ್ತು ನೀರಿನ ಪರೀಕ್ಷೆ

ನಾಣ್ಯಕ್ಕೆ ಹಾನಿ ಮಾಡದೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಇದಕ್ಕೆ ಬೇಕಾದದ್ದು ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ಚಿಕ್ಕ ವಿದ್ಯುನ್ಮಾನ ತಕ್ಕಡಿ, ಒಂದು ಅಯಸ್ಕಾಂತ, ಒಂದು ಲೋಟ ನೀರು, ಒಂದು ಭೂತಗನ್ನಡಿ.

ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲದ ತೂಕದ್ದು, ಅಂದರೆ 11.66 ಗ್ರಾಂ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಒಂದು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಪಡಬೇಕು. 1939ರವರೆಗಿನ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಅದು ಅರ್ಧಕ್ಕೆ ಇಳಿಯಿತು. 1947ರಲ್ಲಿ ಬಂದ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್‌ನದು.

ಅಯಸ್ಕಾಂತದ ಪರೀಕ್ಷೆಯಲ್ಲಿ ಇದನ್ನು ನೆನಪಿಡಬೇಕು. ವಿಕ್ಟೋರಿಯಾ ರೂಪಾಯಿ ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಖೋಟಾ. ಆದರೆ 1947ರ ನಿಕ್ಕಲ್ ರೂಪಾಯಿ ಅಂಟಿಕೊಳ್ಳಲೇಬೇಕು.

ಇನ್ನು ನೀರಿನ ಪರೀಕ್ಷೆ. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ನೀರಿನೊಳಗೆ ತೂಗಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಾಣ್ಯದ ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. 1939ಕ್ಕಿಂತ ಹಿಂದಿನ ಅಸಲಿ ಬೆಳ್ಳಿ ರೂಪಾಯಿಗೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ, ಭಾಗಾಕಾರ 10.3ರ ಆಸುಪಾಸು. 1.3 ಗ್ರಾಂ ಅಥವಾ ಹೆಚ್ಚು ತೋರಿಸಿದರೆ ಅದು ತಾಮ್ರ ಇಲ್ಲವೇ ಹಿತ್ತಾಳೆಯ ಮಿಶ್ರಣದ ನಕಲಿ. ಪರೀಕ್ಷೆಯ ನಂತರ ನಾಣ್ಯವನ್ನು ಮೆತ್ತಗಿನ ಬಟ್ಟೆಯ ಮೇಲಿಟ್ಟು, ಒತ್ತಿ ತೇವ ತೆಗೆಯಿರಿ. ತಿಕ್ಕಬೇಡಿ.

ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ವಜ್ರದ ಆಕಾರದ ಗುರುತು ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮಕ್ಕಳಿಗೆ ನಾಣ್ಯ ಸಂಗ್ರಹದ ರುಚಿ ಹತ್ತಿಸಲು ಜೇಬಿನಲ್ಲಿರುವ ಚಿಲ್ಲರೆಯೇ ಸಾಕು.

ಮೋಸದ ಮೂರು ಬಗೆ

ಹಳೆಯ ನಾಣ್ಯದ ಸುತ್ತ ಆಸೆ ಇದೆ, ಆಸೆ ಇದ್ದಲ್ಲಿ ಮೋಸವೂ ಇದೆ. ಜಾತ್ರೆಗಳಲ್ಲಿ, ತೀರ್ಥಕ್ಷೇತ್ರಗಳ ಬೀದಿಗಳಲ್ಲಿ ಒಂದು ಬದಿ ರಾಮಸೀತೆಯರು ಅಥವಾ ಹನುಮಂತ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಒನ್ ಆಣ, 1818’ ಎಂದಿರುವ ತಾಮ್ರದ ಬಿಲ್ಲೆಗಳು ಮಾರಾಟಕ್ಕಿರುತ್ತವೆ. 1616, 1717 ಎಂದು ಇಸವಿ ಹಾಕಿದವೂ ಇವೆ. ಇವು ಕಂಪನಿಯ ನಾಣ್ಯಗಳಲ್ಲ, ಈಚಿನವರ ಕಲ್ಪನೆ. 1835ರ ಏಕರೂಪದ ನಾಣ್ಯಪದ್ಧತಿಯಲ್ಲಿ ಕಂಪನಿಯ ತಾಮ್ರದ ನಾಣ್ಯಗಳ ಮೇಲೆ ಇದ್ದದ್ದು ಅದರ ಸ್ವಂತ ಲಾಂಛನ. ಒಂದಾಣೆಯ ನಾಣ್ಯವಂತೂ ಬಂದದ್ದು ಕಂಪನಿ ಹೋಗಿ ಅರ್ಧ ಶತಮಾನವಾದ ಮೇಲೆ, ಏಳನೆಯ ಎಡ್ವರ್ಡನ ಕಾಲದಲ್ಲಿ, ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹದಲ್ಲಿ. ಭಕ್ತಿಯಿಂದ ದೇವರ ಮನೆಯಲ್ಲಿಡಲು ಈ ಬಿಲ್ಲೆಗಳಿಗೆ ಅಡ್ಡಿಯಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಡಿ.

ಎರಡನೆಯದು ‘ರೈಸ್ ಪುಲ್ಲಿಂಗ್’. ಅಕ್ಕಿಯನ್ನು ಸೆಳೆಯುವ ದೈವಿಕ ಶಕ್ತಿಯ ತಾಮ್ರದ ನಾಣ್ಯ ಅಥವಾ ಚೊಂಬು, ಅದಕ್ಕೆ ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆ ಎಂಬ ಮಾತು. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ನಾಣ್ಯದಡಿ ಅಯಸ್ಕಾಂತ ಅಡಗಿಸಿ ತೋರಿಸುವ ಕಣ್ಕಟ್ಟು ಅದು. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ಈ ಬಲೆಗೆ ಬಿದ್ದು ಮನೆ, ಜಮೀನು ಕಳೆದುಕೊಂಡವರಿದ್ದಾರೆ.

ಮೂರನೆಯದು ಮೊಬೈಲ್ ಫೋನಿನ ಮೂಲಕ ಬರುವ ಮೋಸ. ‘ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ’ ಎಂಬ ಜಾಹೀರಾತುಗಳು ಎಲ್ಲರಿಗೂ ಪರಿಚಿತ. 2012ರ ಆ ಸ್ಮಾರಕ ನಾಣ್ಯ ಚಲಾವಣೆಗೆಂದು ದೊಡ್ಡ ಸಂಖ್ಯೆಯಲ್ಲಿ ಹೊರಬಂದದ್ದು, ಅಪರೂಪದ್ದಲ್ಲ. ಸಂಪರ್ಕಿಸಿದವರಿಂದ ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ಹಣ ಕೀಳುತ್ತಾರೆ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನವನ್ನೂ ಬಳಸುತ್ತಾರೆ. ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ. ನಾಣ್ಯ ಮಾರುವವರು ಹಣ ಪಡೆಯಬೇಕೇ ಹೊರತು ಕೊಡಬೇಕಾಗಿಲ್ಲ. ಈ ಒಂದು ಸೂತ್ರ ನೆನಪಿಟ್ಟರೆ ಸಾಕು.

ನಿಜವಾಗಿಯೂ ಅಪರೂಪದ ನಾಣ್ಯಗಳಿಲ್ಲವೇ? ಇವೆ. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ಅಂಥದ್ದು. ಅಪರೂಪವಾದ್ದರಿಂದಲೇ ಅದರ ನಕಲಿಗಳೂ ಹೆಚ್ಚು. ಬೆಲೆಯನ್ನು ನಿರ್ಧರಿಸುವುದು ನಾಣ್ಯದ ವಯಸ್ಸಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನ ಬಯಸುತ್ತಾರೆ ಎಂಬುದು.

ತೊಳೆಯಲೇಬೇಕಾದರೆ

ಮಣ್ಣು ಮೆತ್ತಿಕೊಂಡು ಏನೂ ಕಾಣದಿದ್ದರೆ ಮಾಡಬಹುದಾದ ಕೆಲಸ ಒಂದೇ. ಕಾರಿನ ಬ್ಯಾಟರಿಗೆಂದು ತಂದ ಡಿಸ್ಟಿಲ್ಡ್ ವಾಟರ್ ಮನೆಯಲ್ಲಿದ್ದರೆ, ಅದು ಬರೀ ನೀರು, ಆಸಿಡ್ ಅಲ್ಲ ಎಂದು ಖಚಿತಪಡಿಸಿಕೊಂಡು, ಗಾಜಿನ ಬಟ್ಟಲಿಗೆ ಸುರಿದು ನಾಣ್ಯವನ್ನು ಅದರಲ್ಲಿ ನೆನೆಹಾಕಿ. ದಿನಕ್ಕೊಮ್ಮೆ ನೀರು ಬದಲಿಸಿ. ಮಣ್ಣು ತಾನಾಗಿ ಬಿಟ್ಟುಕೊಂಡಷ್ಟು ಸಾಕು. ಬ್ಯಾಟರಿಯ ತುದಿಗೆ ಬಳಸಿದ ಸೋಡ, ಬ್ರಷ್, ವ್ಯಾಸಲೀನ್ ಯಾವುದೂ ಇಲ್ಲಿಗೆ ಬೇಡ.

ಎಲ್ಲ ಹಸಿರೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ನಿರಪಾಯಕಾರಿ. ತಿಳಿ ಹಸಿರು ಬಣ್ಣದ ಪುಡಿ ಉದುರುತ್ತಿದ್ದರೆ, ಒರೆಸಿದ ಮೇಲೂ ಮತ್ತೆ ಮೂಡುತ್ತಿದ್ದರೆ ಅದು ಲೋಹವನ್ನು ತಿನ್ನುವ ಬೇನೆ. ನಾಣ್ಯದೊಳಗೆ ಸೇರಿದ ಉಪ್ಪಿನಂಶ ಮತ್ತು ಗಾಳಿಯ ತೇವ ಅದಕ್ಕೆ ಕಾರಣ. ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ಒಣ ಜಾಗದಲ್ಲಿಟ್ಟು, ವಸ್ತುಸಂಗ್ರಹಾಲಯದವರ ಸಲಹೆ ಪಡೆಯುವುದು ಲೇಸು.

ಇಡುವ ವಿಧಾನವೂ ಮುಖ್ಯ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರು ಅದರ ಮುಖದ ಮೇಲೆ ಕಲೆಯಾಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಹೊಸ ಮಳೆಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಆಲ್ಬಮ್ ಪಿ.ವಿ.ಸಿ.ಯದು, ಕೆಲವು ವರ್ಷಗಳಲ್ಲಿ ಅದು ನಾಣ್ಯದ ಮೇಲೆ ಅಂಟಂಟಾದ ಹಸಿರನ್ನು ಬಿಡುತ್ತದೆ. ಸಂಗ್ರಾಹಕರ ಅಂಗಡಿಗಳಲ್ಲಿ ಸಿಗುವ ಪಾಲಿಯೆಸ್ಟರ್ ಕಿಟಕಿಯ ರಟ್ಟಿನ ಚೌಕಗಳು ಉತ್ತಮ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸುತ್ತಿರಬೇಕು.

ಕಾಸಿನ ಸರಕ್ಕೆಂದು ಹಳೆಯ ನಾಣ್ಯಕ್ಕೆ ಕೊಂಡಿ ಬೆಸೆಯಿಸುವವರಿದ್ದಾರೆ. ಬೆಸುಗೆ ಬಿದ್ದ ಕೂಡಲೇ ನಾಣ್ಯ ಆಭರಣವಾಗುತ್ತದೆ, ಸಂಗ್ರಾಹಕರ ಪಟ್ಟಿಯಿಂದ ಹೊರಗುಳಿಯುತ್ತದೆ. ಹಾಗೆಂದು ಮುತ್ತಜ್ಜಿಯ ಕಾಲದಲ್ಲೇ ಹಾಕಿಸಿದ ಕೊಂಡಿಯನ್ನು ಈಗ ಕೀಳಿಸಬೇಡಿ. ಆ ಕೊಂಡಿಯೂ ಒಂದು ಚರಿತ್ರೆಯೇ.

ಎಲ್ಲಿ ಸಿಕ್ಕಿತು ಎಂಬ ಪ್ರಶ್ನೆ

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆಯುವಾಗ ಬೆಳ್ಳಿ ನಾಣ್ಯಗಳ ರಾಶಿಯೊಂದು ಸಿಕ್ಕಿತು. ಅವು ರೋಮ್ ಸಾಮ್ರಾಜ್ಯದ ಅಗಸ್ಟಸ್, ಟೈಬೀರಿಯಸ್ ಮೊದಲಾದವರ ನಾಣ್ಯಗಳು. ಎರಡು ಸಾವಿರ ವರ್ಷಗಳ ಹಿಂದೆ ಇಂದಿನ ಬೆಂಗಳೂರಿನ ನೆಲಕ್ಕೂ ಮೆಡಿಟರೇನಿಯನ್ ಸಮುದ್ರದ ವ್ಯಾಪಾರಕ್ಕೂ ಸಂಬಂಧವಿತ್ತು ಎಂಬುದಕ್ಕೆ ಅವು ಸಾಕ್ಷಿಯಾದವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ಸಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮನ್ ನಾಣ್ಯ ದೊರಕಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಮಣ್ಣಿನ ಪದರಗಳ ಕಾಲವನ್ನು ತಿಳಿಯಲು ಇಂಥ ನಾಣ್ಯಗಳು ನೆರವಾದವು.

ಇದೇ ನಾಣ್ಯ ಯಾವುದೋ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಅದು ಕೇವಲ ಒಂದು ರೋಮನ್ ನಾಣ್ಯ. ಯಶವಂತಪುರದ ಮಣ್ಣಿನಲ್ಲಿ ಸಿಕ್ಕಿದ್ದರಿಂದ ಅದು ಕರ್ನಾಟಕದ ಚರಿತ್ರೆಯ ಒಂದು ಪುಟ. ಸಿಕ್ಕವರು ಹಂಚಿಕೊಂಡು ಕರಗಿಸಿಬಿಟ್ಟಿದ್ದರೆ ಕೆಲವು ತೊಲ ಬೆಳ್ಳಿ ಉಳಿಯುತ್ತಿತ್ತು, ಆ ಪುಟ ಉಳಿಯುತ್ತಿರಲಿಲ್ಲ. ಹಾಗೆ ಕರಗಿಹೋದ ಪುಟಗಳು ಎಷ್ಟೋ!

ಆದ್ದರಿಂದಲೇ ಬಾವಿ ತೋಡುವಾಗ, ಪಾಯ ಅಗೆಯುವಾಗ ನಾಣ್ಯಗಳು ಸಿಕ್ಕರೆ ಅಗೆತ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರದ ಗಮನಕ್ಕೆ ತರಬೇಕೆಂಬ ಕಾನೂನು 1878ರಷ್ಟು ಹಳೆಯದು. ಮುಚ್ಚಿಟ್ಟರೆ ಅಪರಾಧ.

ಅಜ್ಜಿಯ ಡಬ್ಬಿಯ ನಾಣ್ಯಗಳಿಗೆ ಇದು ಅನ್ವಯಿಸದು. ಆದರೆ ಅವುಗಳಿಗೂ ಒಂದು ನಿಯಮವಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಒಯ್ಯುವಂತಿಲ್ಲ. ಅಮೆರಿಕಕ್ಕೆ ಹೊರಟ ಮೊಮ್ಮಗಳ ಸೂಟ್‌ಕೇಸಿನಲ್ಲಿ ನೆನಪಿಗೆಂದು ವಿಕ್ಟೋರಿಯಾ ರೂಪಾಯಿ ಇಡುವ ಹಿರಿಯರಿಗೆ ಇದು ಗೊತ್ತಿರಬೇಕು.

ಲಕೋಟೆಯ ಮೇಲಿನ ನಾಲ್ಕು ಸಾಲು

ಕೊನೆಯದಾಗಿ, ಖರ್ಚಿಲ್ಲದ ಒಂದು ಕೆಲಸ. ಪ್ರತಿ ನಾಣ್ಯಕ್ಕೂ ಒಂದು ಪುಟ್ಟ ಲಕೋಟೆ ಮಾಡಿ, ನಾಣ್ಯ ಒಳಗೆ ಹಾಕುವ ಮುನ್ನ ಅದರ ಮೇಲೆ ನಾಲ್ಕು ಸಾಲು ಬರೆಯಿರಿ. ತೂಕ ಎಷ್ಟು, ಅಗಲ ಎಷ್ಟು, ಎರಡು ಬದಿಯಲ್ಲಿ ಏನು ಕಾಣುತ್ತದೆ, ಮನೆಗೆ ಹೇಗೆ ಬಂತು. ಮೊದಲ ಮೂರನ್ನು ಯಾವ ತಜ್ಞರೂ ನಾಳೆ ಹೇಳಬಲ್ಲರು. ನಾಲ್ಕನೆಯದನ್ನು ಹೇಳಬಲ್ಲವರು ಮನೆಯ ಹಿರಿಯರು ಮಾತ್ರ.

ಈ ರೂಪಾಯಿ ಮುತ್ತಜ್ಜನ ಮೊದಲ ಸಂಬಳದ್ದೋ, ತಿರುಪತಿಗೆಂದು ಮುಡಿಪು ಕಟ್ಟಿ ಮರೆತದ್ದೋ, ಮಗು ಹುಟ್ಟಿದಾಗ ಸೋದರಮಾವ ಕೈಯಲ್ಲಿಟ್ಟದ್ದೋ? ಈ ತೂತಿನ ಪೈಸೆಗೆ ಆ ಕಾಲದ ಸಂತೆಯಲ್ಲಿ ಏನೇನು ಬರುತ್ತಿತ್ತು? ಕೇಳಿ ಬರೆದಿಟ್ಟರೆ ಉಳಿಯುತ್ತದೆ. ಕೇಳದೆ ಬಿಟ್ಟರೆ ನಾಣ್ಯ ಉಳಿದರೂ ಅದರ ಕಥೆ ಹೋಗುತ್ತದೆ.

ಮುಂದಿನ ಭಾನುವಾರ ನಲ್ಲಿಯ ವಾಷರ್ ಬದಲಿಸಿ, ಬ್ಯಾಟರಿಯ ತುದಿಗಳನ್ನು ಒರೆಸಿ, ದೀಪಗಳನ್ನು ಫಳಫಳ ಹೊಳೆಯುವಂತೆ ತೊಳೆಯಿರಿ. ಆಮೇಲೆ ಕೈ ಒಣಗಿಸಿಕೊಂಡು ಡಬ್ಬಿ ತೆರೆಯಿರಿ. ನಾಣ್ಯಗಳನ್ನು ತೊಳೆಯಲು ಬೇಡ, ಅಜ್ಜಿಯ ಪಕ್ಕದಲ್ಲಿ ಕೂತು ಒಂದೊಂದಾಗಿ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲು.